‘ಹೇಗಿದ್ದೀರಿ’ ಎಂದು ಕೇಳಿ ಮನೆಗೆ ಕಳಿಸಬೇಡಿ

ಸ್ಟ್ರೋಕ್ ಆದವರನ್ನು ನೋಡುವ ವೈದ್ಯರಿಗೆ, ಆಸ್ಪತ್ರೆ ನಡೆಸುವವರಿಗೆ, ಕೌಂಟರಿನ ಆಚೆ, ಫೋನಿನ ಆಚೆ ಕೂತು ದಿನವಿಡೀ ಜನರ ಮಾತು ಕೇಳುವ ಎಲ್ಲರಿಗೂ,

ನಮಸ್ಕಾರ.

ನಾನು ಗಣಿತದ ಟೀಚರ್. ಆ ದಿನ ಎರಡನೇ ಪಿರಿಯಡ್. ಬೋರ್ಡಿನ ಮೇಲೆ ಒಂದು ಸುಲಭದ ಸಮೀಕರಣ ಬಿಡಿಸುತ್ತಿದ್ದೆ. ಉತ್ತರ 7. ಕೈ 7 ಎಂದೇ ಬರೆಯಿತು, ಬಾಯಿ ‘ಒಂಬತ್ತು’ ಅಂದಿತು. ಮುಂದಿನ ಬೆಂಚಿನ ಹುಡುಗಿ, ‘ಟೀಚರ್, ಏಳಲ್ವಾ?’ ಎಂದಳು. ಏಳು ಅಂತ ನನಗೂ ಗೊತ್ತಿತ್ತು. ತಿದ್ದಿ ಹೇಳಲು ಹೋದೆ, ಮತ್ತೆ ‘ಒಂಬತ್ತು’. ಮೂರನೇ ಸಲ ಬಾಯಿಂದ ಬಂದದ್ದು ಯಾವ ಭಾಷೆಯ ಪದವೂ ಆಗಿರಲಿಲ್ಲ. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಬಲಗೈಯಲ್ಲಿದ್ದ ಚಾಕ್‌ಪೀಸ್ ಜಾರಿದ್ದು ನನಗೆ ತಿಳಿದದ್ದೇ ಅದು ನೆಲಕ್ಕೆ ಬಿದ್ದ ಸದ್ದಿನಿಂದ.

ಆಸ್ಪತ್ರೆ ತಲುಪುವಷ್ಟರಲ್ಲಿ ಕೈಗೆ ಬಲ ಬಂದಿತ್ತು, ವಾಲಿದ್ದ ತುಟಿ ನೆಟ್ಟಗಾಗಿತ್ತು. ಸಿಟಿ ಸ್ಕ್ಯಾನ್ ಮಾಡಿದರು, ಏನೂ ಕಾಣಲಿಲ್ಲ. ರಕ್ತದೊತ್ತಡ, ಸಕ್ಕರೆ, ಇಸಿಜಿ ಎಲ್ಲ ನೋಡಿದರು. ಮರುದಿನ ರೌಂಡ್ಸಿಗೆ ಬಂದ ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ‘ಇದೇನಮ್ಮಾ?’ ಎಂದರು. ‘ಪೆನ್ನು.’ ಕೈಯಲ್ಲಿದ್ದ ವಾಚ್ ತೋರಿಸಿದರು. ‘ವಾಚು.’ ‘ಈಗ ಹೇಗಿದ್ದೀರಿ?’ ‘ಚೆನ್ನಾಗಿದ್ದೀನಿ ಡಾಕ್ಟ್ರೇ.’ ಮಿನಿ ಸ್ಟ್ರೋಕ್ ಬಂದು ಹೋಗಿದೆ, ಅದೃಷ್ಟ ಚೆನ್ನಾಗಿತ್ತು ಎಂದು ಬೆನ್ನು ತಟ್ಟಿದರು. ಡಿಸ್ಚಾರ್ಜ್ ಹಾಳೆಯಲ್ಲಿ ‘ಮಾತು ಸಹಜವಾಗಿದೆ’ ಎಂದು ಬರೆದರು.

ಆ ಮೂರು ಉತ್ತರಗಳ ನಡುವೆ ನಡೆದ ಒಂದು ಸಂಗತಿ ಅವರ ಗಮನಕ್ಕೆ ಬರಲಿಲ್ಲ. ಬರೆಯಲು ಅವರು ಪೆನ್ನಿನ ಮುಚ್ಚಳ ತೆಗೆದರು, ಅದು ಹಾಸಿಗೆಯ ಕೆಳಗೆ ಉರುಳಿತು. ‘ಡಾಕ್ಟ್ರೇ, ಮುಚ್ಚಳ ಬಿತ್ತು’ ಎಂದು ಹೇಳಬೇಕಿತ್ತು ನಾನು. ಆ ಪದ ಇರಬೇಕಾದ ಜಾಗ ಖಾಲಿ. ಕಣ್ಣ ಮುಂದೆ ವಸ್ತು ಇದೆ, ಅದರ ಕೆಲಸ ಗೊತ್ತು, ಹೆಸರು ಮಾತ್ರ ಇಲ್ಲ. ‘ಪೆನ್ನಿನ... ಟೋಪಿ’ ಎಂದು ಮಗಳ ಹತ್ತಿರ ಹೇಳುವ ಹೊತ್ತಿಗೆ ಡಾಕ್ಟರು ಮುಂದಿನ ವಾರ್ಡಿನಲ್ಲಿದ್ದರು.

ಇದಾಗಿ ಏಳು ತಿಂಗಳಾಯಿತು. ನಾನು ಯಾರ ಮೇಲೂ ದೂರು ಕೊಡಲು ಇದನ್ನು ಬರೆಯುತ್ತಿಲ್ಲ. ಆ ವೈದ್ಯರು ನನ್ನ ಜೀವ ಕಾಪಾಡುವ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಶುರು ಮಾಡಿದರು, ಅದಕ್ಕೆ ಋಣಿ. ಆದರೆ ಪೆನ್ನು, ವಾಚು, ‘ಹೇಗಿದ್ದೀರಿ’ ಇಷ್ಟರಿಂದ ಒಬ್ಬರ ಮಾತನ್ನು ಅಳೆದು ಮನೆಗೆ ಕಳಿಸುವ ರೂಢಿ ನಿಲ್ಲಬೇಕು.

ಯಾಕೆ ಎಂದು ಹೇಳುತ್ತೇನೆ. ‘ಚೆನ್ನಾಗಿದ್ದೀನಿ’, ‘ಪರವಾಗಿಲ್ಲ’, ‘ಹೌದಾ’, ‘ಅಯ್ಯೋ ಬಿಡಿ’ ಇಂಥ ಮಾತುಗಳನ್ನು ನಾವು ಯೋಚಿಸಿ ಕಟ್ಟುವುದಿಲ್ಲ. ಸಾವಿರಾರು ಸಲ ಹೇಳಿ ಹೇಳಿ ಅವು ಒಂದೇ ಉಂಡೆಯಾಗಿ ನಾಲಿಗೆಯ ಮೇಲೆ ಕೂತಿರುತ್ತವೆ. ಒಂದರಿಂದ ಹತ್ತರವರೆಗಿನ ಎಣಿಕೆ, ವಾರದ ಹೆಸರುಗಳು, ಬಾಯಿಪಾಠವಾದ ಪದ್ಯ, ಸಿಟ್ಟಿನಲ್ಲಿ ಬರುವ ಬೈಗುಳ ಕೂಡ ಇದೇ ಜಾತಿಯವು. ದೊಡ್ಡ ಸ್ಟ್ರೋಕಿನಿಂದ ಪೂರ್ತಿ ಮಾತು ಕಳಕೊಂಡವರೂ ಎಷ್ಟೋ ಸಲ ಇವನ್ನು ಸರಾಗವಾಗಿ ಹೇಳುತ್ತಾರೆ. ಮಾತಿನ ಚಿಕಿತ್ಸಕರಿಗೆ ಇದು ಹಳೆಯ ವಿಷಯ. ಹೀಗಿರುವಾಗ ‘ಹೇಗಿದ್ದೀರಿ’ ಎಂಬ ಪ್ರಶ್ನೆ ನನ್ನ ಮಾತಿನ ಯಾವ ಭಾಗವನ್ನು ಮುಟ್ಟಿತು? ಪೆಟ್ಟು ಬೀಳದೆ ಉಳಿದ ಭಾಗವನ್ನು ಮಾತ್ರ. ‘ಪೆನ್ನು’, ‘ವಾಚು’ ದಿನಕ್ಕೆ ಹತ್ತು ಸಲ ಬಳಸುವ ಪದಗಳು, ಅವು ಬೇಗ ಸಿಗುತ್ತವೆ. ಪೆನ್ನಿನ ಮುಚ್ಚಳ, ವಾಚಿನ ಪಟ್ಟಿ, ಪಟ್ಟಿಯ ಬಕಲ್ ಕೇಳಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಮಿದುಳಿನಲ್ಲಿ ಆದದ್ದೇನು ಎಂದು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ನೂರಕ್ಕೆ 2, ಆಮ್ಲಜನಕದಲ್ಲಿ ಅದಕ್ಕೆ ಬೇಕಾದ ಪಾಲು ಸುಮಾರು 20. ಸಣ್ಣದೊಂದು ಹೆಪ್ಪು ರಕ್ತನಾಳವನ್ನು ಕೆಲವು ನಿಮಿಷ ಕಟ್ಟಿದರೂ ಆ ನಾಳವನ್ನೇ ನಂಬಿದ ಜಾಗ ಕೆಲಸ ನಿಲ್ಲಿಸುತ್ತದೆ. ಬಲಗೈ ಬಳಸುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಭಾಷೆ ಇರುವುದು ಮಿದುಳಿನ ಎಡಭಾಗದಲ್ಲಿ, ಬಲಗೈಯನ್ನು ಆಡಿಸುವುದೂ ಎಡಭಾಗವೇ. ಚಾಕ್‌ಪೀಸೂ ಮಾತೂ ಒಟ್ಟಿಗೆ ಜಾರಿದ್ದಕ್ಕೆ ಕಾರಣ ಅದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬ ಒಂದೇ ಉಲಿ ಉಳಿದಿದ್ದ ರೋಗಿ ತೀರಿಕೊಂಡ ಮೇಲೆ ಅವನ ಮಿದುಳನ್ನು ಪರೀಕ್ಷಿಸಿ ಎಡ ಮುಂಭಾಗದ ಗಾಯವನ್ನು ತೋರಿಸಿದ. 1874ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇನ್ನೂ ಹಿಂದಿನ ಒಂದು ಜಾಗವನ್ನು ಗುರುತಿಸಿದ. ಅಲ್ಲಿ ಪೆಟ್ಟಾದವರು ಸರಾಗವಾಗಿ ಮಾತಾಡುತ್ತಾರೆ, ಅದರಲ್ಲಿ ಅರ್ಥ ಕೂಡಿಬರುವುದಿಲ್ಲ, ಬೇರೆಯವರು ಹೇಳಿದ್ದು ತಿಳಿಯುವುದೂ ಕಷ್ಟ.

ಮಾತು ಕೆಡುವ ಬಗೆಗಳೂ ಬೇರೆ ಬೇರೆ. ಪದ ಸಿಗದಿರುವುದು, ವಾಕ್ಯ ಕೂಡದಿರುವುದು, ಕೇಳಿದ್ದು ಹಿಡಿತಕ್ಕೆ ಬಾರದಿರುವುದು ಅಫೇಸಿಯಾ. ಪದ ಗೊತ್ತಿದ್ದೂ ತುಟಿ, ನಾಲಿಗೆ, ಗಂಟಲಿನ ಸ್ನಾಯು ಸೋತು ಮಾತು ತೊದಲುವುದು ಡಿಸಾರ್ಥ್ರಿಯಾ. ಸ್ನಾಯುಗಳಲ್ಲಿ ಬಲವಿದ್ದರೂ ಯಾವ ಸದ್ದಿನ ಹಿಂದೆ ಯಾವ ಸದ್ದು ಎಂಬ ಆಜ್ಞೆಯೇ ತಪ್ಪಿಹೋಗುವುದು ಅಪ್ರಾಕ್ಸಿಯಾ. ಮೂರಕ್ಕೂ ಅಭ್ಯಾಸ ಬೇರೆ, ಹಾಗಾಗಿ ಯಾವುದು ಎಂದು ಗುರುತಿಸಬಲ್ಲವರು ನೋಡಬೇಕು. ನನ್ನದು ಮೊದಲನೆಯದು, ಹಗುರವಾದದ್ದು. ಹಗುರವಾದದ್ದು ಎಂಬ ಕಾರಣಕ್ಕೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಖ ವಾಲಿಲ್ಲ, ಕೋಲು ಹಿಡಿದಿಲ್ಲ, ‘ಹೇಗಿದ್ದೀರಿ’ ಎಂದರೆ ನಗುತ್ತಾ ಉತ್ತರ ಕೊಡುತ್ತೇನೆ. ನಾಲ್ಕು ಜನ ಒಟ್ಟಿಗೆ ಮಾತಾಡುವಲ್ಲಿ ಕೂರಿಸಿ ನೋಡಿ, ಎರಡನೇ ನಿಮಿಷಕ್ಕೆ ದಾರ ತಪ್ಪಿರುತ್ತದೆ. ಸಂಜೆಯಾದಂತೆ ಪದಗಳು ಇನ್ನೂ ದೂರ ಸರಿಯುತ್ತವೆ. ದೂರವಾಣಿ ಸಂಖ್ಯೆ ಹೇಳುವಾಗ ಅಂಕಿಗಳು ಅದಲುಬದಲಾಗುತ್ತವೆ. ಬಾಯಲ್ಲಿ ‘ಏಳು’ ಬರಬೇಕಾದರೆ ಈಗಲೂ ಕೆಲವು ದಿನ ಒಳಗೊಳಗೇ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಿ ಏಳರ ಹತ್ತಿರ ನಿಲ್ಲಬೇಕು. ಲೆಕ್ಕ ಮಾತ್ರ ಒಂದೂ ತಪ್ಪಿಲ್ಲ. ಮಕ್ಕಳ ನೋಟ್‌ಬುಕ್ ತಿದ್ದುವಾಗ ಕೈ ಮೊದಲಿನಷ್ಟೇ ವೇಗವಾಗಿ ಓಡುತ್ತದೆ.

ಇಲ್ಲಿ ಹೆಸರಿನದೂ ಒಂದು ತೊಡಕಿದೆ. ಮಿನಿ ಸ್ಟ್ರೋಕಿಗೆ ವೈದ್ಯರು ಇಟ್ಟ ಹೆಸರು ಟಿಐಎ, ಬಂದು ಹೋಗುವ ಪೆಟ್ಟು. ಟಿಐಎ ಎಂದರೆ ಲಕ್ಷಣಗಳು 24 ಗಂಟೆಯೊಳಗೆ ಪೂರ್ತಿ ಮಾಯವಾಗಬೇಕು ಎಂಬುದು ಹಳೆಯ ವ್ಯಾಖ್ಯೆ. 2009ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಗಡಿಯಾರದ ಲೆಕ್ಕ ಬಿಟ್ಟು, ಮಿದುಳಿನ ಅಂಗಾಂಶ ಸತ್ತಿದೆಯೇ ಇಲ್ಲವೇ ಎಂಬುದನ್ನು ನೋಡಿ ನಿರ್ಧರಿಸಬೇಕು ಎಂದಿತು. ಹೊಸದಾಗಿ ಆದ ಸಣ್ಣ ಪೆಟ್ಟು ಸಿಟಿಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಟಿಐಎ ಎಂದು ಬಂದವರಿಗೆ ಎಂಆರ್‌ಐಯಲ್ಲಿ ಡಿಫ್ಯೂಷನ್ ಎಂಬ, ಹೊಸ ಪೆಟ್ಟನ್ನು ಎತ್ತಿ ತೋರಿಸುವ ಚಿತ್ರ ತೆಗೆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಗುರುತು ಸಿಗುತ್ತದೆ. ಹಾಗಾದರೆ ತಿಂಗಳಾದರೂ ಪದಕ್ಕೆ ತಡಕಾಡುವವರಿಗೆ ಆದದ್ದು ಬಹುಶಃ ಒಂದು ಸಣ್ಣ ಸ್ಟ್ರೋಕೇ. ಫೈಲಿನ ಮೇಲೆ ಟಿಐಎ ಎಂದು ಬಿದ್ದುಹೋದರೆ, ಆ ಹೆಸರಿನ ಅರ್ಥದಲ್ಲೇ ‘ಏನೂ ಉಳಿದಿಲ್ಲ’ ಎಂಬುದು ಸೇರಿಕೊಂಡಿರುತ್ತದೆ. ಆಮೇಲೆ ನಾನು ಹೋಗಿ ‘ಪದ ಸಿಗ್ತಿಲ್ಲ’ ಎಂದರೆ ಅದನ್ನು ಎಲ್ಲಿ ಬರೆಯುತ್ತಾರೆ? ‘ವಯಸ್ಸಾಯ್ತಲ್ಲ’, ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು ಕೇಳಿಕೊಂಡು ಮೂರು ಸಲ ವಾಪಸು ಬಂದಿದ್ದೇನೆ. ನಾಲ್ಕನೇ ಸಲ ಮಗಳೇ ವಿಚಾರಿಸಿ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಅವರು ಪೆನ್ನು ತೋರಿಸಲಿಲ್ಲ. ಒಂದು ಚಿತ್ರ ಮುಂದಿಟ್ಟು, ‘ಇದರಲ್ಲಿ ಏನೇನು ನಡೀತಾ ಇದೆ, ನಿಧಾನವಾಗಿ ಹೇಳಿ’ ಎಂದು ಸುಮ್ಮನೆ ಕೂತರು. ಐದು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನ ಮಾತನ್ನು ಪೂರ್ತಿ ಕೇಳಿದರು. ಆ ಕೋಣೆಯಲ್ಲಿ ಅತ್ತುಬಿಟ್ಟೆ.

ಎಬಿಸಿಡಿ2 ಎಂಬ ಅಂಕಪಟ್ಟಿ ವೈದ್ಯರಿಗೆಲ್ಲ ಗೊತ್ತು. ಟಿಐಎ ಆದ ಮೇಲೆ ದೊಡ್ಡ ಸ್ಟ್ರೋಕ್ ಬರುವ ಅಪಾಯ ಎಷ್ಟು ಎಂದು ಅಂದಾಜು ಮಾಡಲು ಅದು 2007ರಿಂದ ಬಳಕೆಯಲ್ಲಿದೆ. ಒಂದು ಕಡೆಯ ಬಲಹೀನತೆಗೆ 2 ಅಂಕ, ಬಲಹೀನತೆ ಇಲ್ಲದೆ ಬರೀ ಮಾತು ಕೆಟ್ಟರೆ 1 ಅಂಕ. ಲೆಕ್ಕದವಳಾದ್ದರಿಂದ ಈ ಅಂಕಿಗಳು ನನ್ನ ತಲೆಯಲ್ಲಿ ಉಳಿದವು. ಅದು ಮುಂದಿನ ಅಪಾಯವನ್ನು ಅಳೆಯುವ ಪಟ್ಟಿ, ಈಗಿನ ಕಷ್ಟವನ್ನಲ್ಲ ಎಂದು ಬಲ್ಲೆ. ಆದರೂ ಈಗಿನ ಕಷ್ಟವನ್ನು ಅಳೆಯಲು ಅಷ್ಟೇ ಚಿಕ್ಕ, ಅಷ್ಟೇ ಸುಲಭದ ಪಟ್ಟಿಯೊಂದು ಡಿಸ್ಚಾರ್ಜಿನ ಮೊದಲು ಎಲ್ಲರ ಕೈಯಲ್ಲೂ ಇರಬೇಕು ಎಂಬುದು ನನ್ನ ಬೇಡಿಕೆ. ಹತ್ತು ನಿಮಿಷದ ಕೆಲಸ. ಒಂದು ಚಿತ್ರ ಕೊಟ್ಟು ವಿವರಿಸಲು ಹೇಳಿ. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿಸಿ. ಉದ್ದದ ಒಂದು ವಾಕ್ಯವನ್ನು ಹೇಳಿ, ಹಾಗೆಯೇ ಹೇಳಲು ಕೇಳಿ. ನಾಲ್ಕು ಸಾಲು ಓದಿಸಿ ಅದರಲ್ಲಿ ಏನಿತ್ತು ಎಂದು ಕೇಳಿ. ಎರಡು ಸಾಲು ಬರೆಸಿ. ರೋಗಿಗೆ ಎರಡು ಮೂರು ಭಾಷೆ ಬಂದರೆ ಮನೆಯಲ್ಲಿ ಆಡುವ ಭಾಷೆಯಲ್ಲೂ ನೋಡಿ, ಕೆಲಸದ ಭಾಷೆಯಲ್ಲೂ ನೋಡಿ. ಎರಡೂ ಒಂದೇ ಅಳತೆಯಲ್ಲಿ ಕೆಡಬೇಕೆಂದೇನೂ ಇಲ್ಲ. ಜೊತೆಗಿರುವವರನ್ನು ಬೇರೆಯಾಗಿ ಕರೆದು, ‘ಮೊದಲು ಹೀಗೇ ಮಾತಾಡುತ್ತಿದ್ದರಾ?’ ಎಂದು ಕೇಳಿ. ಅನುಮಾನ ಬಂದರೆ ಮಾತಿನ ಚಿಕಿತ್ಸೆಗೆ ಚೀಟಿ ಬರೆದುಕೊಡಿ. ಒಂದು ತಿಂಗಳ ನಂತರ ಬಂದಾಗ ರಕ್ತದೊತ್ತಡದ ಜೊತೆಗೆ ಇದನ್ನೂ ಮತ್ತೆ ನೋಡಿ. ಸ್ಟ್ರೋಕಿನ ನಂತರದ ಅಫೇಸಿಯಾಕ್ಕೆ ಮಾತಿನ ಚಿಕಿತ್ಸೆಯಿಂದ ಲಾಭವಿದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿದೆ. ಚೀಟಿ ಬರೆದುಕೊಡಲು ಆಧಾರ ಸಾಲದು ಎನ್ನುವಂತಿಲ್ಲ.

ಇನ್ನು ವೈದ್ಯರಲ್ಲದವರಿಗೆ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಾಳೆ ಬೆಳಿಗ್ಗೆ ಮಗಳ ಜೊತೆ ಆಸ್ಪತ್ರೆಗೆ...’ ಎಂದಾಗ ಹೋಗುತ್ತೇನೋ, ಹೋಗಬೇಕಾಗಿತ್ತೋ, ಹೋಗುವುದಿಲ್ಲವೋ ಎಂದು ತಿಳಿಯುವುದು ಕೊನೆಯ ಪದದಲ್ಲಿ. ಬೇಕು, ಬೇಡ, ಇಲ್ಲ, ಅಲ್ಲ, ಆಗಲ್ಲ ಎಲ್ಲ ಅಲ್ಲೇ. ಪದ ಹುಡುಕಿ ದಣಿದವಳು ಬಂದು ನಿಲ್ಲುವುದೂ ಅಲ್ಲೇ. ಎದುರಿನವರ ತಾಳ್ಮೆ ಮುಗಿಯುವುದೂ ಸರಿಯಾಗಿ ಅದೇ ಜಾಗದಲ್ಲಿ. ಒಂದು ಕಚೇರಿಯ ಕೌಂಟರಿನಲ್ಲಿ ನಾನು ‘ಈ ಖಾತೆ ಮುಚ್ಚೋದು...’ ಎಂದೆ. ‘ಬೇಡ’ ಎಂಬುದು ಗಂಟಲಲ್ಲಿತ್ತು. ಅಷ್ಟರಲ್ಲಿ ಆಚೆ ಕೂತವರು, ‘ಮುಚ್ಚಬೇಕಾ? ತಗೊಳ್ಳಿ ಫಾರಂ’ ಎಂದು ತಳ್ಳಿದರು. ತಲೆ ಅಲ್ಲಾಡಿಸಿದೆ. ಅವರು ಆಗಲೇ ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ಮಗಳನ್ನು, ‘ಇವರು ಎಲ್ಲಿ ಸೈನ್ ಹಾಕ್ತಾರೆ, ಹೆಬ್ಬೆಟ್ಟಾ?’ ಎಂದು ಕೇಳುತ್ತಿದ್ದರು. ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು ‘ಬೇಡ’ ಎಂದು ಬರೆದೆ. ಅದರ ಕೆಳಗೆ ನನ್ನ ಸಹಿಯನ್ನೂ ಹಾಕಿದೆ. ಅವರು ಚೀಟಿಯನ್ನು ನೋಡಿ, ನನ್ನನ್ನು ನೋಡಿ, ‘ಸಾರಿ ಮೇಡಂ’ ಅಂದರು. ಅದೂ ಮಗಳ ಕಡೆ ತಿರುಗಿ.

ನನಗೆ ಕಿವಿ ಚೆನ್ನಾಗಿ ಕೇಳುತ್ತದೆ, ಕೂಗಬೇಕಾಗಿಲ್ಲ. ನಾನು ಕುಡಿದು ಬಂದಿಲ್ಲ. ಬುದ್ಧಿ ಮಂಕಾಗಿಲ್ಲ. ಬೇಕಾದದ್ದು ಸಮಯ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಬರೆಯಲು ಒಂದು ಹಾಳೆ. ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದ ಹಾಗೆ ಕೇಳಿದರೆ ಇನ್ನೂ ಸುಲಭ. ಫೋನಿನಲ್ಲಿ ಯಂತ್ರದ ಧ್ವನಿ ನಾಲ್ಕು ಸೆಕೆಂಡಿನಲ್ಲಿ ಜನ್ಮದಿನಾಂಕ ಹೇಳಿ ಎನ್ನುತ್ತದೆ, ಹೇಳದಿದ್ದರೆ ಕರೆ ಕಡಿಯುತ್ತದೆ. ಆ ವ್ಯವಸ್ಥೆ ಮಾಡಿದವರಿಗೆ ನನ್ನ ವಿನಂತಿ: ಗುಂಡಿ ಒತ್ತಿ ಅಂಕಿ ಕೊಡುವ ದಾರಿ ಬಿಡಿ, ಸಮಯ ಹೆಚ್ಚಿಸಿ, ಮನುಷ್ಯರ ಹತ್ತಿರ ಮಾತಾಡುವ ಆಯ್ಕೆಯನ್ನು ಮೊದಲಿಗೇ ಇಡಿ. ನನ್ನ ಜನ್ಮದಿನಾಂಕ ನನಗೆ ಗೊತ್ತು.

ಮನೆಯವರ ವಿಷಯಕ್ಕೆ ಬಂದರೆ, ಅವರು ಪ್ರೀತಿಯಿಂದಲೇ ಪದ ತುಂಬಿಕೊಡುತ್ತಾರೆ. ಮೊದಮೊದಲು ಮಗಳೂ ಹಾಗೇ ಮಾಡುತ್ತಿದ್ದಳು, ನಾನು ಕ್ರಮೇಣ ಮಾತೇ ಕಡಿಮೆ ಮಾಡಿದೆ. ಒಂದು ರಾತ್ರಿ, ‘ಅಮ್ಮಾ, ನಾನು ಹೇಳ್ಲಾ, ಕಾಯ್ಲಾ?’ ಎಂದು ಕೇಳಿದಳು. ಆ ದಿನದಿಂದ ನಮ್ಮಿಬ್ಬರಿಗೂ ಒಂದು ಸನ್ನೆ ಇದೆ. ಅಂಗೈ ತೆರೆದು ಹಿಡಿದರೆ ‘ಕಾಯಿ, ಬರ್ತಾ ಇದೆ’ ಎಂದರ್ಥ. ಬೆರಳು ಅವಳ ಕಡೆ ತೋರಿಸಿದರೆ ‘ನೀನೇ ಹೇಳು’. ಈಗ ನಾನು ಮೊದಲಿಗಿಂತ ಹೆಚ್ಚು ಮಾತಾಡುತ್ತೇನೆ, ಹೆಚ್ಚು ಸಲ ಅಂಗೈಯನ್ನೇ ತೋರಿಸುತ್ತೇನೆ.

ಮಾತು ಹೋದರೆ ಬುದ್ಧಿಯೂ ಹೋಯಿತೇ ಎಂಬ ಭಯ ಎದುರಿನವರಿಗಿಂತ ಮೊದಲು ನಮಗೇ ಬರುತ್ತದೆ. 1783ರ ಜೂನ್ 17ರ ನಸುಕಿನಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಹೀಗೇ ಆಯಿತು. 1755ರಲ್ಲಿ ಇಂಗ್ಲಿಷಿನ ಆ ದೊಡ್ಡ ನಿಘಂಟನ್ನು ತಂದವರು, ಆಗ ವಯಸ್ಸು 73. ಎಚ್ಚರವಾದಾಗ ತಲೆಯಲ್ಲಿ ಏನೋ ಗೊಂದಲ. ಬುದ್ಧಿ ನೆಟ್ಟಗಿದೆಯೇ ಎಂದು ತಮ್ಮನ್ನೇ ಪರೀಕ್ಷಿಸಿಕೊಳ್ಳಲು ಮನಸ್ಸಿನಲ್ಲೇ ಲ್ಯಾಟಿನ್ ಪದ್ಯದಲ್ಲಿ ಒಂದು ಪ್ರಾರ್ಥನೆ ಕಟ್ಟಿದರು. ಸಾಲುಗಳು ಅಷ್ಟೇನೂ ಚೆನ್ನಾಗಿರಲಿಲ್ಲ, ಚೆನ್ನಾಗಿಲ್ಲ ಎಂದು ತಮಗೆ ತಿಳಿಯುತ್ತಿದೆಯಲ್ಲ ಎಂಬುದರಿಂದಲೇ ಬುದ್ಧಿ ಉಳಿದಿದೆ ಎಂದು ಸಮಾಧಾನಪಟ್ಟರು. ಬಾಯಿಂದ ಮಾತ್ರ ಮಾತು ಹೊರಡಲಿಲ್ಲ. ಬರೆಯಲು ಕೂತರೆ ಕೈ ತಪ್ಪು ಅಕ್ಷರ ಬರೆಯುತ್ತಿತ್ತು, ಆದರೂ ನೆರೆಯವರಿಗೆ ಪತ್ರ ಬರೆದು ವೈದ್ಯರನ್ನು ಕರೆಸಿಕೊಂಡರು. ಮುಂದಿನ ದಿನಗಳಲ್ಲಿ ಮಾತು ಸ್ವಲ್ಪ ಸ್ವಲ್ಪವಾಗಿ ಮರಳಿತು. ಇದನ್ನು ಓದಿದ ರಾತ್ರಿ ನಾನೂ ಒಂದು ಪ್ರಮೇಯವನ್ನು ಕಣ್ಣುಮುಚ್ಚಿ ಸಾಧಿಸಿದೆ, ಒಂದೂ ಹಂತ ಬಿಡದೆ. ಅದನ್ನು ಬಾಯಿಬಿಟ್ಟು ವಿವರಿಸಲು ಮರುದಿನ ಅರ್ಧ ಗಂಟೆ ಬೇಕಾಯಿತು, ಆದರೆ ವಿವರಿಸಿದೆ.

ಇನ್ನೊಂದು ಭಯದ ಬಗ್ಗೆಯೂ ಹೇಳಬೇಕು, ಏಕೆಂದರೆ ಇದನ್ನು ಯಾರೂ ನಮಗೆ ಮೊದಲೇ ಹೇಳುವುದಿಲ್ಲ. ಪ್ರತಿ ಸಲ ಪದ ತಪ್ಪಿದಾಗಲೂ ‘ಇದು ಮತ್ತೆ ಬಂತಾ?’ ಎಂದು ಎದೆ ಹೊಡೆದುಕೊಳ್ಳುತ್ತದೆ. ಭಯಕ್ಕೆ ಕಾರಣವೂ ಇದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಟಿಐಎ ಆದವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ 90 ದಿನಗಳೊಳಗೆ ಸ್ಟ್ರೋಕ್ ಆಯಿತು, ಅದರಲ್ಲಿ ಅರ್ಧದಷ್ಟು ಮೊದಲ ಎರಡೇ ದಿನಗಳಲ್ಲಿ. ತಕ್ಷಣ ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2007ರಲ್ಲಿ ಆಕ್ಸ್‌ಫರ್ಡಿನ ಎಕ್ಸ್‌ಪ್ರೆಸ್ ಅಧ್ಯಯನ ತೋರಿಸಿತು: ಆ ಅಪಾಯ ಸುಮಾರು ನೂರಕ್ಕೆ 80ರಷ್ಟು ಇಳಿಯಿತು. ಆದ್ದರಿಂದ ಓದುತ್ತಿರುವ ಎಲ್ಲರಿಗೂ: ಇದ್ದಕ್ಕಿದ್ದಂತೆ ಮಾತು ಕೆಟ್ಟರೆ, ಹತ್ತು ನಿಮಿಷದಲ್ಲಿ ಸರಿಹೋದರೂ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಮಲಗಿ ಎದ್ದರೆ ಹೋಗುತ್ತದೆ ಎಂದು ಕಾಯಬೇಡಿ. ವೈದ್ಯರೇ, ನಿಮಗೆ: ದಿನವೂ ಇರುವ ಪದದ ತಡಕಾಟ ಯಾವುದು, ಹಠಾತ್ತನೆ ಬಂದ ಹೊಸ ಕೆಡುಕು ಯಾವುದು ಎಂದು ಬೇರ್ಪಡಿಸುವುದು ಹೇಗೆಂದು ಕೂರಿಸಿ ಹೇಳಿಕೊಡಿ. ಐದು ತಿಂಗಳು ನಾನು ಪ್ರತಿ ‘ಆ... ಅದು...’ ಆದಾಗಲೂ ಕನ್ನಡಿಯ ಮುಂದೆ ಓಡಿ ತುಟಿ ನೆಟ್ಟಗಿದೆಯೇ ಎಂದು ನೋಡಿಕೊಂಡಿದ್ದೇನೆ.

ಮುಂದಿನ ತಿಂಗಳು ನನಗೆ ಮತ್ತೆ ತಪಾಸಣೆ ಇದೆ. ಈ ಪತ್ರದ ಒಂದು ಪ್ರತಿ ಕೈಯಲ್ಲಿರುತ್ತದೆ. ಆ ದಿನ ‘ಹೇಗಿದ್ದೀರಿ’ ಎಂದು ಕೇಳಿದರೆ ನಾನು ‘ಚೆನ್ನಾಗಿದ್ದೀನಿ’ ಎಂದೇ ಹೇಳುತ್ತೇನೆ, ಅದು ನನ್ನ ಕೈಯಲ್ಲಿಲ್ಲ. ಬದಲಿಗೆ ‘ನಿನ್ನೆ ಯಾವ ಪಾಠ ಮಾಡಿದಿರಿ ಟೀಚರ್?’ ಎಂದು ಕೇಳಿ. ಕೇಳಿ, ಕುರ್ಚಿಗೆ ಒರಗಿ ಕೂತುಕೊಳ್ಳಿ. ನನ್ನ ಅಂಗೈ ತೆರೆದಿರುತ್ತದೆ.

ಇಂತಿ,
ಒಬ್ಬ ಗಣಿತದ ಟೀಚರ್